ಹಡಗಿಗೆ ದಿನದ ಬಾಡಿಗೆ: ಎಂಟು ಪುಟ್ಟ ದೇಶಗಳು ಪೆಸಿಫಿಕ್ ಟ್ಯೂನಾಗೆ ಬೆಲೆ ಕಟ್ಟಿದ್ದು ಹೇಗೆ?

ಕಿರಿಬಾಸ್ ಅಂತ ಒಂದು ದೇಶವಿದೆ. ಇಂಗ್ಲಿಷಿನಲ್ಲಿ ಬರೆಯುವಾಗ ಕಿರಿಬಾಟಿ ಅನ್ನೋ ಹಾಗೆ ಕಾಣುತ್ತೆ, ಆದರೆ ಅಲ್ಲಿನ ಭಾಷೆಯಲ್ಲಿ ‘ಟಿಐ’ ಅಕ್ಷರಜೋಡಿಯ ಉಚ್ಚಾರ ‘ಸ್’. ಹೆಸರಿಗೆ ತಕ್ಕಂತೆ ನೆಲ ಕಿರಿದೇ: 811 ಚದರ ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರು ನಗರದಷ್ಟು. ಜನ ಸುಮಾರು 1 ಲಕ್ಷದ 20 ಸಾವಿರ. ಆದರೆ ಈ ದೇಶಕ್ಕೆ ಸೇರಿದ ಕಡಲು ಸುಮಾರು 35 ಲಕ್ಷ ಚದರ ಕಿಲೋಮೀಟರ್. ಭಾರತದ ಒಟ್ಟು ಭೂವಿಸ್ತೀರ್ಣ 32.87 ಲಕ್ಷ. ಅಂದರೆ ಒಂದು ನಗರದಷ್ಟು ನೆಲವಿರುವ ದೇಶ, ಭಾರತಕ್ಕಿಂತ ದೊಡ್ಡ ನೀರಿನ ಮೇಲೆ ಹಕ್ಕು ಹೊಂದಿದೆ.

ಹಕ್ಕು ಇದೆ, ಸರಿ. ಅದನ್ನು ಕಾಯೋದು ಹೇಗೆ? ಯಾರು? ಯಾವ ದುಡ್ಡಿನಲ್ಲಿ?

ಸಾಗರ ಆಡಳಿತ, ಪ್ರಾದೇಶಿಕ ಸಹಕಾರ, ಸುಸ್ಥಿರ ಮೀನುಗಾರಿಕೆ ಮುಂತಾದ ಪದಗಳನ್ನು ಅಂತರರಾಷ್ಟ್ರೀಯ ಸಮ್ಮೇಳನಗಳ ಸುದ್ದಿಯಲ್ಲಿ ನಾವೆಲ್ಲ ಓದಿರ್ತೀವಿ. ನಾನೂ ಡೆಸ್ಕಿನಲ್ಲಿ ಕೂತು ಅಂಥ ಸುದ್ದಿಗಳನ್ನು ಅನುವಾದ ಮಾಡಿದ್ದೇನೆ. ಪ್ರಾಮಾಣಿಕವಾಗಿ ಹೇಳ್ತೀನಿ, ಬಹುತೇಕ ಸಲ ಘೋಷಣೆಯಲ್ಲಿ ಏನೂ ಇರಲ್ಲ. ‘ಬದ್ಧತೆಯನ್ನು ಪುನರುಚ್ಚರಿಸಲಾಯಿತು’ ಅನ್ನೋ ವಾಕ್ಯ ಟೈಪ್ ಮಾಡಿ ಮಾಡಿ ಬೆರಳು ಸವೆದಿವೆ. ಹಾಗಾಗಿ ಈ ಲೇಖನಕ್ಕೆ ನಿಜವಾಗಿಯೂ ಕೆಲಸ ಮಾಡಿದ ಒಂದು ಉದಾಹರಣೆಯನ್ನು ಆರಿಸಿಕೊಂಡಿದ್ದೇನೆ: ನೌರು ಒಪ್ಪಂದ, ಅದರ ಸುತ್ತ ಕಟ್ಟಿದ ‘ವೆಸಲ್ ಡೇ ಸ್ಕೀಮ್’, ಕನ್ನಡದಲ್ಲಿ ಹೇಳೋದಾದರೆ ಹಡಗು-ದಿನ ಪದ್ಧತಿ. ಅದು ಎಲ್ಲಿ ಸೋಲುತ್ತಿದೆ ಅನ್ನೋದನ್ನೂ ನೋಡೋಣ, ಯಾಕೆಂದರೆ ಅಲ್ಲೇ ಈ ವಿಷಯದ ನಿಜವಾದ ಕಷ್ಟ ಕಾಣೋದು.

ಮೀನಿಗೆ ಗಡಿ ಗೊತ್ತಿಲ್ಲ, ಕಾನೂನಿಗೆ ಗೊತ್ತು

ಮೊದಲು ಸ್ವಲ್ಪ ಬೇಸಿಕ್ಸ್. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಗೆ ದೇಶಗಳು ಸಹಿ ಹಾಕಿದ್ದು 1982ರ ಡಿಸೆಂಬರ್‌ನಲ್ಲಿ, ಜಮೈಕಾದ ಮಾಂಟೆಗೋ ಬೇಯಲ್ಲಿ. ಅದು ಜಾರಿಗೆ ಬಂದದ್ದು 1994ರಲ್ಲಿ. ಅದರ ಪ್ರಕಾರ ಕರಾವಳಿಯಿಂದ 12 ನಾಟಿಕಲ್ ಮೈಲಿವರೆಗೆ ದೇಶದ ಪೂರ್ಣ ಸಾರ್ವಭೌಮತ್ವ. 200 ನಾಟಿಕಲ್ ಮೈಲಿವರೆಗೆ, ಅಂದರೆ ಸುಮಾರು 370 ಕಿಲೋಮೀಟರ್‌ವರೆಗೆ, ವಿಶೇಷ ಆರ್ಥಿಕ ವಲಯ. ಆ ವಲಯದಲ್ಲಿ ಯಾರ ಹಡಗು ಬೇಕಾದರೂ ಹಾದುಹೋಗಬಹುದು, ಆದರೆ ಮೀನು, ತೈಲ, ಖನಿಜ ಆ ದೇಶದ್ದು. ಅದರಾಚೆ ಇರೋದು ತೆರೆದ ಸಾಗರ, ಯಾರದ್ದೂ ಅಲ್ಲ.

ಟ್ಯೂನಾ ಈ ಗೆರೆಗಳನ್ನು ಓದಲ್ಲ. ನಮ್ಮ ಕರಾವಳಿಯಲ್ಲಿ ಕೇದರ ಅಂತ ಕರೆಯೋ ಈ ಮೀನಿನ ಕುಟುಂಬದಲ್ಲಿ ಸ್ಕಿಪ್‌ಜಾಕ್ ಅನ್ನೋದು ಚಿಕ್ಕ ಜಾತಿ. ಬೇಗ ಬೆಳೆಯುತ್ತೆ, ಒಂದು ವರ್ಷದ ಹೊತ್ತಿಗೆ ಮೊಟ್ಟೆ ಇಡೋ ವಯಸ್ಸಿಗೆ ಬರುತ್ತೆ. ಸೂಪರ್ ಮಾರ್ಕೆಟ್ಟಿನ ಟ್ಯೂನಾ ಡಬ್ಬಿಯೊಳಗೆ ಹೆಚ್ಚಾಗಿ ಇರೋದು ಇದೇ. ಇಂದು ಪಾಪುವಾ ನ್ಯೂಗಿನಿಯ ನೀರಿನಲ್ಲಿರೋ ಹಿಂಡು ಕೆಲವು ತಿಂಗಳಲ್ಲಿ ನೌರು ದಾಟಿ ಕಿರಿಬಾಸ್ ತಲುಪಿರಬಹುದು. ಹಾಗಿದ್ದಮೇಲೆ ಅದು ಯಾರ ಮೀನು? ಒಂದು ದೇಶ ಹಿಡಿಯದೆ ಬಿಟ್ಟದ್ದನ್ನು ಪಕ್ಕದ ದೇಶ ಹಿಡಿಯುತ್ತೆ. ಹಾಗಾಗಿ ಒಬ್ಬರೇ ಸಂಯಮ ತೋರಿಸಿ ಪ್ರಯೋಜನವಿಲ್ಲ. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ಊರಿನ ಗೋಮಾಳ ಒತ್ತುವರಿ ನೋಡಿದವರಿಗೆ ಪುಸ್ತಕ ಬೇಕಿಲ್ಲ.

1970ರ ದಶಕದ ಕೊನೆಯಲ್ಲಿ ಈ ದ್ವೀಪಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದವು. ಸಾಲೊಮನ್ ದ್ವೀಪಗಳು, ತುವಾಲು 1978ರಲ್ಲಿ, ಕಿರಿಬಾಸ್ 1979ರಲ್ಲಿ. ಅದೇ ಹೊತ್ತಿಗೆ ಜಪಾನ್, ಅಮೆರಿಕ, ಕೊರಿಯಾ, ತೈವಾನ್‌ಗಳ ಹಡಗುಗಳು ಬಂದವು. ಮಾತುಕತೆಯ ರೀತಿ ಹೇಗಿತ್ತಂದ್ರೆ, ಒಂದು ದೇಶಕ್ಕೆ ಹೋಗಿ “ಪಕ್ಕದವರು ಇಷ್ಟಕ್ಕೇ ಲೈಸೆನ್ಸ್ ಕೊಡ್ತಾರೆ, ನೀವು ಕಮ್ಮಿ ಮಾಡದಿದ್ರೆ ಅಲ್ಲಿಗೆ ಹೋಗ್ತೀವಿ” ಅನ್ನೋದು. ಪಕ್ಕದ ದೇಶದಲ್ಲೂ ಅದೇ ಡೈಲಾಗ್. ಹಿಡಿದ ಮೀನಿನ ಬೆಲೆಯ ನೂರರಲ್ಲಿ ಐದಾರು ಪಾಲು ಸಿಕ್ಕರೆ ಅದೇ ಹೆಚ್ಚು. ಮಂಡಿಗೆ ಮೂಟೆ ಹೊತ್ತು ಹೋದ ಯಾವ ರೈತನನ್ನು ಕೇಳಿದರೂ ಈ ಆಟದ ನಿಯಮ ಹೇಳ್ತಾನೆ.

ಇದಕ್ಕೆ ಉತ್ತರವಾಗಿ 1979ರಲ್ಲಿ ಸಾಲೊಮನ್ ದ್ವೀಪಗಳ ಹೊನಿಯಾರದಲ್ಲಿ ಫೋರಂ ಫಿಷರೀಸ್ ಏಜೆನ್ಸಿ ಶುರುವಾಯಿತು. ಅದರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕೂಡ ಸದಸ್ಯರು. ಆದರೆ ಟ್ಯೂನಾ ನಿಜವಾಗಿ ದಟ್ಟವಾಗಿರೋದು ಸಮಭಾಜಕ ವೃತ್ತದ ಆಸುಪಾಸಿನ ಕೆಲವೇ ದೇಶಗಳಲ್ಲಿ. ಅವು ಪ್ರತ್ಯೇಕವಾಗಿ ಕೂತು 1982ರ ಫೆಬ್ರವರಿಯಲ್ಲಿ ನೌರು ಒಪ್ಪಂದಕ್ಕೆ ಸಹಿ ಹಾಕಿದವು. ದಿನಾಂಕ ಗಮನಿಸಿ: ಸಮುದ್ರ ಕಾನೂನಿಗೆ ಇನ್ನೂ ಸಹಿಯೇ ಆಗಿರಲಿಲ್ಲ. ಇಂದು ಅದರಲ್ಲಿರೋದು ಮೈಕ್ರೊನೇಷಿಯಾ ಒಕ್ಕೂಟ, ಕಿರಿಬಾಸ್, ಮಾರ್ಷಲ್ ದ್ವೀಪಗಳು, ನೌರು, ಪಲಾವ್, ಪಾಪುವಾ ನ್ಯೂಗಿನಿ, ಸಾಲೊಮನ್ ದ್ವೀಪಗಳು, ಆಮೇಲೆ ಸೇರಿದ ತುವಾಲು. ಎಂಟೂ ಸೇರಿದರೆ ಸುಮಾರು 1.4 ಕೋಟಿ ಚದರ ಕಿಲೋಮೀಟರ್ ಕಡಲು. ಜಗತ್ತಿನ ಸ್ಕಿಪ್‌ಜಾಕ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಇಲ್ಲಿಂದಲೇ ಬರೋದು.

ಒಂದು ಹಡಗು, ಒಂದು ಸೂಪರ್‌ಪವರ್

ಒಪ್ಪಂದದ ಕಾಗದ ಇದ್ದ ಮಾತ್ರಕ್ಕೆ ದೊಡ್ಡ ದೇಶ ಹೆದರುತ್ತಾ? ಹೆದರಲಿಲ್ಲ. ಟ್ಯೂನಾ ವಲಸೆ ಹೋಗೋ ಮೀನು, ಹಾಗಾಗಿ ಅದರ ಮೇಲೆ ಯಾವ ಕರಾವಳಿ ದೇಶಕ್ಕೂ ಹಕ್ಕಿಲ್ಲ ಅನ್ನೋದು ಅಂದಿನ ಅಮೆರಿಕದ ಅಧಿಕೃತ ನಿಲುವು. ಅವರ ಮೀನುಗಾರಿಕಾ ಕಾನೂನಿನಲ್ಲೇ ಹಾಗೆ ಬರೆದಿತ್ತು.

1984ರಲ್ಲಿ ಸಾಲೊಮನ್ ದ್ವೀಪಗಳು ತಮ್ಮ ನೀರಿನಲ್ಲಿ ಅನುಮತಿಯಿಲ್ಲದೆ ಬಲೆ ಹಾಕಿದ್ದಕ್ಕೆ ಜೀನೆಟ್ ಡಯಾನಾ ಎಂಬ ಅಮೆರಿಕದ ಹಡಗನ್ನು ಹಿಡಿದವು. ಅಮೆರಿಕ ಏನು ಮಾಡಿತು? ತನ್ನ ಕಾನೂನಿನ ಪ್ರಕಾರ ಸಾಲೊಮನ್ ದ್ವೀಪಗಳ ಮೀನಿನ ಉತ್ಪನ್ನಗಳ ಮೇಲೆ ಆಮದು ನಿಷೇಧ ಹೇರಿತು. ಕಳ್ಳನನ್ನು ಹಿಡಿದವನ ಅಂಗಡಿಗೆ ಬೀಗ ಹಾಕಿದ ಹಾಗೆ.

ಕತೆ ತಿರುಗಿದ್ದು ಮರುವರ್ಷ. 1985ರಲ್ಲಿ ಕಿರಿಬಾಸ್ ಒಂದು ವರ್ಷದ ಮೀನುಗಾರಿಕೆ ಒಪ್ಪಂದ ಮಾಡಿಕೊಂಡಿತು. ಯಾರ ಜೊತೆ? ಸೋವಿಯತ್ ಒಕ್ಕೂಟದ ಜೊತೆ. ಶೀತಲ ಸಮರ ಇನ್ನೂ ಜೋರಾಗಿದ್ದ ಕಾಲ. 1987ರಲ್ಲಿ ವನುವಾಟು ಕೂಡ ಸೋವಿಯತ್ ಜೊತೆ ಸಹಿ ಹಾಕಿತು. ಪೆಸಿಫಿಕ್ ಮಧ್ಯದಲ್ಲಿ ಕೆಂಪು ಬಾವುಟದ ಹಡಗುಗಳು ಅಂದಕೂಡಲೇ ವಾಷಿಂಗ್ಟನ್ನಿಗೆ ಎಚ್ಚರವಾಯಿತು. 1987ರಲ್ಲೇ ಫೋರಂ ದೇಶಗಳೆಲ್ಲದರ ಜೊತೆ ಅಮೆರಿಕ ಒಂದೇ ಒಪ್ಪಂದಕ್ಕೆ ಸಹಿ ಹಾಕಿತು: ಐದು ವರ್ಷಕ್ಕೆ 6 ಕೋಟಿ ಡಾಲರ್. ಹಕ್ಕೇ ಇಲ್ಲ ಅಂದವರು ದುಡ್ಡು ಕೊಟ್ಟರು. 1990ರಲ್ಲಿ ತಮ್ಮ ಕಾನೂನಿನ ಆ ಟ್ಯೂನಾ ವಿನಾಯಿತಿಯನ್ನೂ ತಿದ್ದಿಕೊಂಡರು.

ಈ ಪ್ರಸಂಗವನ್ನು ಸಾಗರ ಸಂರಕ್ಷಣೆಯ ಲೇಖನದಲ್ಲಿ ಯಾಕೆ ಹೇಳಬೇಕು ಅಂದ್ರೆ, ಹಕ್ಕು ಇಲ್ಲದ ಕಡೆ ಸಂರಕ್ಷಣೆ ಅನ್ನೋದು ಬರೀ ಉಪದೇಶ. ಮೀನು ನಿಮ್ಮದೆಂದು ಎದುರಿನವನು ಒಪ್ಪದೆ, ಅದನ್ನು ಕಮ್ಮಿ ಹಿಡಿ ಅಂತ ಅವನಿಗೆ ಹೇಳೋಕೆ ಆಗಲ್ಲ.

ಟನ್ ಅಲ್ಲ, ದಿನ

ಈಗ ನನಗೆ ಇಷ್ಟವಾದ ಭಾಗ. ಇಂಜಿನಿಯರಿಂಗ್ ಬಿಟ್ಟು ಹತ್ತು ವರ್ಷದ ಮೇಲಾಯಿತು, ಆದರೂ ಚೆನ್ನಾಗಿ ಡಿಸೈನ್ ಮಾಡಿದ ವ್ಯವಸ್ಥೆ ಕಂಡರೆ ಒಳಗೆ ಏನೋ ಖುಷಿ.

1992ರಲ್ಲಿ ಈ ದೇಶಗಳು ಪಲಾವ್ ವ್ಯವಸ್ಥೆ ಅನ್ನೋ ಇನ್ನೊಂದು ಒಪ್ಪಂದ ಮಾಡಿಕೊಂಡು, ದೊಡ್ಡ ಪರ್ಸೀನ್ ಹಡಗುಗಳ ಸಂಖ್ಯೆಗೆ ಮಿತಿ ಹಾಕಿದವು. ಪರ್ಸೀನ್ ಗೊತ್ತಲ್ಲ, ಹಿಂಡಿನ ಸುತ್ತ ಬಲೆ ಬಿಟ್ಟು ಕೆಳಗಿನ ಬಾಯನ್ನು ಚೀಲದ ಹಾಗೆ ಬಿಗಿಯೋದು. ಮಂಗಳೂರು, ಮಲ್ಪೆಯಲ್ಲೂ ಇದೇ ತತ್ವದ ಬೋಟುಗಳಿವೆ. ಅಳತೆ ಮಾತ್ರ ಬೇರೆ: ಪೆಸಿಫಿಕ್‌ನವು 60-80 ಮೀಟರ್ ಉದ್ದ, ಕೆಲವದರ ಮೇಲೆ ಹಿಂಡು ಹುಡುಕೋಕೆ ಹೆಲಿಕಾಪ್ಟರ್. ಹಡಗಿನ ಸಂಖ್ಯೆಗೆ ಮಿತಿ ಹಾಕಿದ್ರೆ ಏನಾಗುತ್ತೆ? ಹಡಗು ದೊಡ್ಡದಾಗುತ್ತೆ. ಆಯಿತು.

2007ರ ಹೊತ್ತಿಗೆ ಅದನ್ನು ಬದಲಿಸಿ ದಿನಗಳ ಲೆಕ್ಕಕ್ಕೆ ಬಂದರು. ಎಂಟೂ ದೇಶಗಳ ನೀರಿನಲ್ಲಿ ವರ್ಷಕ್ಕೆ ಒಟ್ಟು ಎಷ್ಟು ಮೀನುಗಾರಿಕಾ ದಿನಗಳು ಅಂತ ಮೊದಲು ನಿಗದಿ ಮಾಡ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅದು ಸುಮಾರು 45 ಸಾವಿರ. ಅದನ್ನು ಮೀನಿನ ಸಾಂದ್ರತೆ ಮತ್ತು ಹಿಂದಿನ ಮೀನುಗಾರಿಕೆಯ ದಾಖಲೆ ನೋಡಿ ದೇಶಗಳಿಗೆ ಹಂಚ್ತಾರೆ. ಪ್ರತಿ ದೇಶ ತನ್ನ ಪಾಲಿನ ದಿನಗಳನ್ನು ಹಡಗು ಕಂಪನಿಗಳಿಗೆ ಮಾರುತ್ತೆ. 50 ಮೀಟರ್‌ಗಿಂತ ಚಿಕ್ಕ ಹಡಗಿಗೆ ಒಂದು ದಿನ ಅರ್ಧ ಅಂತ ಲೆಕ್ಕ, 80 ಮೀಟರ್ ಮೀರಿದರೆ ಒಂದೂವರೆ. ಎಲ್ಲಕ್ಕಿಂತ ಮುಖ್ಯವಾದ ಷರತ್ತು, ಒಂದು ಕನಿಷ್ಠ ಬೆಲೆ, ಅದಕ್ಕಿಂತ ಕಡಿಮೆಗೆ ಯಾರೂ ಮಾರುವಂತಿಲ್ಲ. 2012ರಲ್ಲಿ ದಿನಕ್ಕೆ 5,000 ಡಾಲರ್, 2014ರಲ್ಲಿ 6,000, 2015ರಲ್ಲಿ 8,000. ನಿಜವಾದ ಮಾರಾಟ ಎಷ್ಟೋ ಸಲ ಅದಕ್ಕಿಂತ ಮೇಲೆ.

ಟನ್ ಲೆಕ್ಕ ಯಾಕಲ್ಲ? ವಿಜ್ಞಾನಿಗಳ ದೃಷ್ಟಿಯಲ್ಲಿ ಟನ್ನೇ ಸರಿ, ಯಾಕೆಂದ್ರೆ ಕಡಲಿನಿಂದ ಎಷ್ಟು ಮೀನು ಹೋಯಿತು ಅನ್ನೋದೇ ಪ್ರಶ್ನೆ. ಆದರೆ ಮೀನು ಇಳಿಯೋದು ಸಾವಿರಾರು ಕಿಲೋಮೀಟರ್ ಆಚೆ, ಬಹಳಷ್ಟು ಸಲ ಥಾಯ್ಲೆಂಡಿನ ಕಾರ್ಖಾನೆಗಳ ಬಳಿ. ಅಲ್ಲಿನ ತೂಕದ ಚೀಟಿಯನ್ನು ತುವಾಲು ಪರಿಶೀಲಿಸೋದು ಹೇಗೆ? ದಿನ ಎಣಿಸೋಕೆ ಬೇಕಾದ್ದು ಹಡಗಿನ ಮೇಲೊಂದು ಉಪಗ್ರಹ ಬೀಕನ್. ಹಡಗು ಎಲ್ಲಿದೆ, ಯಾರ ನೀರಿನಲ್ಲಿದೆ ಅಂತ ಹೊನಿಯಾರದ ಪರದೆಯ ಮೇಲೆ ಕಾಣುತ್ತೆ. ಅಳೆಯಬೇಕಾದದ್ದನ್ನಲ್ಲ, ಅಳೆಯೋಕೆ ಸಾಧ್ಯವಾದದ್ದನ್ನು ಅಳೆದರು. ನಮ್ಮ ಲ್ಯಾಬಿನಲ್ಲಿ ಇದಕ್ಕೆ ಮಾರ್ಕ್ಸ್ ಕೊಡ್ತಿರಲಿಲ್ಲ ಅನ್ನಿಸುತ್ತೆ. ಆಡಳಿತದಲ್ಲಿ ಇದೇ ಸರಿ.

ಫಲ? 2010ರಲ್ಲಿ ಎಲ್ಲ ದೇಶಗಳಿಗೂ ಸೇರಿ ಸುಮಾರು 6 ಕೋಟಿ ಡಾಲರ್ ಬರುತ್ತಿದ್ದ ಜಾಗದಲ್ಲಿ, ಅದೇ ದಶಕ ಮುಗಿಯೋದರೊಳಗೆ ವರ್ಷಕ್ಕೆ ಸುಮಾರು 50 ಕೋಟಿ ಡಾಲರ್. ಕಿರಿಬಾಸ್‌ನಲ್ಲಿ ಕೆಲವು ವರ್ಷ ಸರ್ಕಾರದ ಆದಾಯದ ಶೇ. 70ರ ಆಸುಪಾಸು ಬಂದಿರೋದು ಮೀನಿನ ಲೈಸೆನ್ಸಿನಿಂದಲೇ. ಶಾಲೆ, ಆಸ್ಪತ್ರೆ, ಮೇಷ್ಟ್ರ ಸಂಬಳ ಎಲ್ಲ ಅದರಿಂದ. ‘ಟ್ಯೂನಾ ಒಪೆಕ್’ ಅಂತ ಟೀಕಿಸಿದವರೂ ಇದ್ದಾರೆ. ಇದು ಕಾರ್ಟೆಲ್ಲೇ, ಅದರಲ್ಲಿ ಅನುಮಾನ ಬೇಡ. ಆದರೆ ಖರೀದಿದಾರರು ಒಗ್ಗೂಡಿ ಬೆಲೆ ಇಳಿಸಿದಾಗ ಅದಕ್ಕೆ ಮಾರುಕಟ್ಟೆ ಅಂತೀವಿ, ಮಾರುವವರು ಒಗ್ಗೂಡಿದಾಗ ಮಾತ್ರ ಕಾರ್ಟೆಲ್ ಅಂತೀವಿ. ಅಡಿಕೆ ಬೆಳೆಗಾರರು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದ್ದರ ತರ್ಕವೂ ಇದಕ್ಕೆ ದೂರದ್ದಲ್ಲ.

ಎಲ್ ನಿನೋ ಲೆಕ್ಕಾಚಾರವೂ ಇದರಲ್ಲಿದೆ. ಎಲ್ ನಿನೋ ವರ್ಷ ಬೆಚ್ಚಗಿನ ನೀರು ಪೂರ್ವಕ್ಕೆ ಸರಿಯುತ್ತೆ, ಸ್ಕಿಪ್‌ಜಾಕ್ ಅದರ ಹಿಂದೆ ಹೋಗುತ್ತೆ, ಕಿರಿಬಾಸ್‌ಗೆ ಸುಗ್ಗಿ. ಲಾ ನಿನಾ ವರ್ಷ ಪಶ್ಚಿಮಕ್ಕೆ, ಪಾಪುವಾ ನ್ಯೂಗಿನಿಗೆ ಸುಗ್ಗಿ. ಮೀನಿಲ್ಲದ ವರ್ಷ ಒಂದು ದೇಶ ತನ್ನ ದಿನಗಳನ್ನು ಮೀನಿರುವ ದೇಶಕ್ಕೆ ವರ್ಗಾಯಿಸಿ ದುಡ್ಡು ಪಡೆಯಬಹುದು. ಅಂದರೆ ಹವಾಮಾನಕ್ಕೆ ಒಂಥರಾ ವಿಮೆ. ಹೀಗಿರೋದರಿಂದಲೇ ಯಾರಿಗೂ ಕೂಟ ಬಿಟ್ಟು ಹೋಗೋ ಆಸೆ ಸುಲಭಕ್ಕೆ ಹುಟ್ಟಲ್ಲ.

ತಮ್ಮದಲ್ಲದ ಕಡಲನ್ನು ಮುಚ್ಚಿದ್ದು

ನಕ್ಷೆ ನೋಡಿದರೆ ಈ ದೇಶಗಳ ವಲಯಗಳ ನಡುವೆ ಎರಡು ತೂತುಗಳಿವೆ. ಸುತ್ತಲೂ ಯಾರದೋ ವಲಯ, ನಡುವೆ ಮಾತ್ರ ತೆರೆದ ಸಾಗರ. ಲೈಸೆನ್ಸ್ ಬೇಡ, ಲೆಕ್ಕ ಬೇಡ. ಪಕ್ಕದ ವಲಯದಲ್ಲಿ ಕದ್ದು ಹಿಡಿದ ಮೀನನ್ನೂ “ಅಲ್ಲಿ ಹಿಡಿದದ್ದು” ಅಂತ ತೋರಿಸೋಕೆ ಒಳ್ಳೆ ಜಾಗ.

ತೆರೆದ ಸಾಗರವನ್ನು ಮುಚ್ಚೋ ಅಧಿಕಾರ ಈ ಎಂಟು ದೇಶಗಳಿಗಿಲ್ಲ. ಅವರು 2008ರಲ್ಲಿ ಮಾಡಿದ್ದು ಬೇರೆ ಉಪಾಯ: ನಮ್ಮ ನೀರಿನಲ್ಲಿ ಹಿಡಿಯೋ ಲೈಸೆನ್ಸ್ ಬೇಕಾ? ಹಾಗಾದ್ರೆ ಆ ತೂತುಗಳಲ್ಲಿ ಹಿಡಿಯಲ್ಲ ಅಂತ ಒಪ್ಪಿಕೊಳ್ಳಿ. ಮೀನು ದಟ್ಟವಾಗಿರೋದು ಇವರ ನೀರಿನಲ್ಲೇ. ಕಂಪನಿಗಳು ಒಪ್ಪಿದವು. 2004ರಿಂದ ಕೆಲಸ ಮಾಡುತ್ತಿರುವ ಪಶ್ಚಿಮ-ಮಧ್ಯ ಪೆಸಿಫಿಕ್ ಮೀನುಗಾರಿಕಾ ಆಯೋಗದಲ್ಲಿ ದ್ವೀಪ ದೇಶಗಳೂ ಹಡಗು ಕಳಿಸೋ ದೇಶಗಳೂ ಒಟ್ಟಿಗೆ ಕೂರ್ತವೆ. ಅದೂ 2010ರಿಂದ ಇದೇ ಮುಚ್ಚುಗಡೆಯನ್ನು ಒಪ್ಪಿತು. ಆಮೇಲೆ ಒಂದು ತೂತಿನಲ್ಲಿ ಫಿಲಿಪ್ಪೀನ್ಸ್‌ಗೆ ವಿನಾಯಿತಿ ಕೊಟ್ಟರು, ಅದು ರಾಜಕೀಯ.

ಅದೇ ಷರತ್ತುಗಳ ಜೊತೆಗೆ ಬಂದದ್ದು ಇನ್ನೆರಡು. ಒಂದು, 2010ರಿಂದ ಪ್ರತಿ ಪರ್ಸೀನ್ ಹಡಗಿನಲ್ಲೂ ಒಬ್ಬ ವೀಕ್ಷಕ. ಎರಡು, ವರ್ಷದ ಕೆಲವು ತಿಂಗಳು ‘ಫ್ಯಾಡ್’ ನಿಷೇಧ. ಫ್ಯಾಡ್ ಅಂದ್ರೆ ಕಡಲಲ್ಲಿ ತೇಲಿಬಿಡೋ ತೆಪ್ಪ. ಅದರ ನೆರಳಿಗೆ ಮೀನು ಸೇರುತ್ತೆ. ಈಗಿನ ಫ್ಯಾಡ್‌ಗಳಲ್ಲಿ ಸೌರಫಲಕ, ಉಪಗ್ರಹ ಸಂಪರ್ಕ, ಕೆಳಗೆ ಎಷ್ಟು ಮೀನಿದೆ ಅಂತ ಹೇಳೋ ಎಕೋಸೌಂಡರ್ ಎಲ್ಲ ಇರುತ್ತೆ. ಸಮಸ್ಯೆ ಏನಂದ್ರೆ ಅದರಡಿ ಸ್ಕಿಪ್‌ಜಾಕ್ ಜೊತೆ ಬಿಗ್‌ಐ, ಯೆಲ್ಲೋಫಿನ್ ಮರಿಗಳೂ ಸೇರ್ತವೆ. ಬಲೆಗೆ ವ್ಯತ್ಯಾಸ ಗೊತ್ತಾಗಲ್ಲ. ಫ್ಯಾಡ್ ಇಲ್ಲದೆ ಹಿಡಿದ ಸ್ಕಿಪ್‌ಜಾಕ್‌ಗೆ 2011ರಲ್ಲಿ ಎಂಎಸ್‌ಸಿ ಪ್ರಮಾಣಪತ್ರವೂ ಸಿಕ್ಕಿತು.

ವೀಕ್ಷಕರ ಬಗ್ಗೆ ಒಂದು ಮಾತು ಹೇಳಲೇಬೇಕು. ದ್ವೀಪದ ಒಬ್ಬ ಯುವಕ ಅಥವಾ ಯುವತಿ, ಭಾಷೆ ಬಾರದ ಸಿಬ್ಬಂದಿಯ ನಡುವೆ, ವಾರಗಟ್ಟಲೆ, ಆ ಸಿಬ್ಬಂದಿಯ ತಪ್ಪನ್ನೇ ಬರೆದುಕೊಳ್ಳೋ ಕೆಲಸ. ಪೆಸಿಫಿಕ್‌ನಲ್ಲಿ ಕೆಲಸದ ಮೇಲಿದ್ದಾಗಲೇ ಸತ್ತ, ಕಾಣೆಯಾದ ವೀಕ್ಷಕರಿದ್ದಾರೆ. ಕೆಲವು ಸಾವುಗಳ ಕಾರಣ ಇಂದಿಗೂ ವಿವಾದದಲ್ಲಿದೆ. ಕೋವಿಡ್ ಬಂದಾಗ 2020ರಿಂದ ವೀಕ್ಷಕರ ಕಡ್ಡಾಯವನ್ನು ಅಮಾನತಿನಲ್ಲಿಟ್ಟರು, ಮರಳಿ ಬಂದದ್ದು 2023ರಲ್ಲಿ. ನಾವು ‘ಸುಸ್ಥಿರ’ ಅನ್ನೋ ಲೇಬಲ್ ಓದುವಾಗ ಅದರ ಹಿಂದೆ ಒಬ್ಬ ಮನುಷ್ಯನ ನೋಟ್‌ಬುಕ್ ಇದೆ ಅನ್ನೋದನ್ನು ಯಾರೂ ಹೇಳಲ್ಲ.

ಫೀನಿಕ್ಸ್ ದ್ವೀಪಗಳ ಪಾಠ

ಇಲ್ಲಿವರೆಗೆ ಓದಿದವರಿಗೆ ಇದು ಗೆಲುವಿನ ಕತೆ ಅನ್ನಿಸಿರಬಹುದು. ಒಂದು ಅರ್ಥದಲ್ಲಿ ಹೌದು: ಪಶ್ಚಿಮ-ಮಧ್ಯ ಪೆಸಿಫಿಕ್‌ನ ನಾಲ್ಕು ಮುಖ್ಯ ಟ್ಯೂನಾ ಜಾತಿಗಳಲ್ಲಿ ಯಾವುದೂ ಅತಿಮೀನುಗಾರಿಕೆಗೆ ಬಲಿಯಾದ ಪಟ್ಟಿಯಲ್ಲಿಲ್ಲ. ಬೇರೆ ಸಾಗರಗಳಿಗೆ ಹೋಲಿಸಿದರೆ ಇದು ಅಪರೂಪ. ಆದರೆ ಮೀನನ್ನು ಲೆಕ್ಕಹಾಕಿ ಹಿಡಿಯೋದು ಒಂದು, ಕಡಲನ್ನೇ ಸುಮ್ಮನೆ ಬಿಡೋದು ಇನ್ನೊಂದು. ಎರಡನೆಯದು ಬಂದಾಗ ಒಗ್ಗಟ್ಟು ಬಿರುಕು ಬಿಡುತ್ತೆ.

ಕಿರಿಬಾಸ್ 2006ರಲ್ಲಿ ಫೀನಿಕ್ಸ್ ದ್ವೀಪಗಳ ಸುತ್ತ ಸಂರಕ್ಷಿತ ಪ್ರದೇಶ ಘೋಷಿಸಿ, ಆಮೇಲೆ ಅದನ್ನು 4 ಲಕ್ಷ ಚದರ ಕಿಲೋಮೀಟರ್ ಮೀರಿ ವಿಸ್ತರಿಸಿತು. ಅಂದ್ರೆ ಕರ್ನಾಟಕದ ಎರಡು ಪಟ್ಟಿಗೂ ಹೆಚ್ಚು. 2010ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. 2015ರ ಜನವರಿ 1ರಿಂದ ವಾಣಿಜ್ಯ ಮೀನುಗಾರಿಕೆ ಪೂರ್ತಿ ಬಂದ್. ಬಡ ದೇಶವೊಂದು ಇಷ್ಟು ದೊಡ್ಡ ತ್ಯಾಗ ಮಾಡಿತು ಅಂತ ಜಗತ್ತು ಚಪ್ಪಾಳೆ ತಟ್ಟಿತು. ಮೂಲ ಯೋಜನೆಯಲ್ಲಿ ಇದ್ದದ್ದು ಬರೀ ಚಪ್ಪಾಳೆ ಅಲ್ಲ, ಕಳೆದುಕೊಂಡ ಲೈಸೆನ್ಸ್ ಆದಾಯಕ್ಕೆ ಒಂದು ನಿಧಿಯಿಂದ ಪರಿಹಾರ. 2021ರ ನವೆಂಬರ್‌ನಲ್ಲಿ ಕಿರಿಬಾಸ್ ಸರ್ಕಾರ, ಆದಾಯ ಸಾಲದು ಅನ್ನೋ ಕಾರಣ ಕೊಟ್ಟು, ಆ ಪ್ರದೇಶವನ್ನು ಮತ್ತೆ ತೆರೆಯೋ ನಿರ್ಧಾರ ಪ್ರಕಟಿಸಿತು.

ಇದರ ಮೇಲೆ ವಾದ ಎರಡು ಕಡೆ ಇದೆ. 2019ರಲ್ಲಿ ಕಿರಿಬಾಸ್ ತೈವಾನ್ ಬಿಟ್ಟು ಚೀನಾ ಜೊತೆ ರಾಜತಾಂತ್ರಿಕ ಸಂಬಂಧ ಬೆಳೆಸಿತ್ತು, ಹಾಗಾಗಿ ಇದರ ಹಿಂದೆ ಬೀಜಿಂಗ್ ಇದೆ ಅಂತ ಹಲವರು ಬರೆದರು. ಇನ್ನೊಂದು ಕಡೆ, 2020ರಲ್ಲಿ ಪ್ರಕಟವಾದ ಒಂದು ಆರ್ಥಿಕ ಅಧ್ಯಯನ ಹೇಳಿದ್ದು ಕುತೂಹಲಕರ: ಹಡಗು-ದಿನ ಪದ್ಧತಿ ಇರೋದರಿಂದ, ಒಂದು ಜಾಗ ಮುಚ್ಚಿದರೂ ಕಿರಿಬಾಸ್ ತನ್ನ ದಿನಗಳನ್ನು ಬೇರೆ ಕಡೆಗೆ ಮಾರಬಹುದು, ಹಾಗಾಗಿ ಆದಾಯ ಬಿದ್ದಿಲ್ಲ. ಲೆಕ್ಕ ನನಗೆ ಸರಿಯೆನ್ನಿಸುತ್ತೆ. ಆದರೂ ಕಿರಿಬಾಸ್‌ನ ಹಣಕಾಸು ಮಂತ್ರಿಯ ಜಾಗದಲ್ಲಿ ಕೂತು ನೋಡಿ. ಸಮುದ್ರ ಮಟ್ಟ ಏರಿ ಸಿಹಿನೀರಿನ ಬಾವಿಗೆ ಉಪ್ಪು ಬರ್ತಿದೆ. ಇಂಗಾಲ ಉಗುಳಿದವರು ಬೇರೆಯವರು. ಅವರೇ ಬಂದು, ನಿಮ್ಮ ಕಡಲನ್ನು ನಮಗೋಸ್ಕರ ಮುಟ್ಟಬೇಡಿ ಅಂತಾರೆ, ಪರಿಹಾರ ನಿಧಿಗೆ ಮಾತ್ರ ಸಾಕಷ್ಟು ಹಾಕಲ್ಲ. ನನಗೆ ಆ ನಿರ್ಧಾರ ಬೇಸರ ತರಿಸಿತು. ಕೋಪ ಬಂದದ್ದು ಕಿರಿಬಾಸ್ ಮೇಲಲ್ಲ.

ಪಲಾವ್ ಇನ್ನೂ ಮುಂದೆ ಹೋಗಿ 2020ರಿಂದ ತನ್ನ ವಲಯದ ಶೇ. 80ರಷ್ಟು ಮುಚ್ಚಿತು. ಅದಕ್ಕೆ ಪ್ರವಾಸೋದ್ಯಮದ ಆಸರೆ ಇತ್ತು. ಅದೇ ವರ್ಷ ಕೋವಿಡ್ ಬಂದು ಪ್ರವಾಸಿಗರು ನಿಂತರು, ಮುಚ್ಚಿದ ಭಾಗ ಕಡಿಮೆ ಮಾಡೋ ಪ್ರಸ್ತಾಪಗಳು ಶುರುವಾದವು.

ಆಳ ಸಮುದ್ರದ ಗಣಿಗಾರಿಕೆಯಲ್ಲಂತೂ ಕೂಟ ನೇರವಾಗಿ ಎರಡು ಹೋಳು. ನೌರು 2021ರಲ್ಲಿ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರಕ್ಕೆ ನೋಟಿಸ್ ಕೊಟ್ಟು, ಎರಡು ವರ್ಷದಲ್ಲಿ ಗಣಿ ನಿಯಮ ಮುಗಿಸಿ ಅಂತ ಗಡಿಯಾರ ಓಡಿಸಿತು. ಪಲಾವ್ 2022ರಲ್ಲಿ ಲಿಸ್ಬನ್‌ನ ಸಾಗರ ಸಮ್ಮೇಳನದಲ್ಲಿ ಗಣಿಗಾರಿಕೆಗೆ ತಡೆ ಕೇಳೋ ದೇಶಗಳ ಮೈತ್ರಿ ಕಟ್ಟಿತು, ಮೈಕ್ರೊನೇಷಿಯಾ ಒಕ್ಕೂಟವೂ ಆ ಕಡೆ. ಟ್ಯೂನಾದಲ್ಲಿ ಅಣ್ಣತಮ್ಮ, ತಳದ ಲೋಹದಲ್ಲಿ ಎದುರಾಳಿ. ಇದರಲ್ಲಿ ಅಚ್ಚರಿ ಏನೂ ಇಲ್ಲ. ನೌರು ಒಮ್ಮೆ ಫಾಸ್ಫೇಟ್ ಗಣಿಯಿಂದ ಶ್ರೀಮಂತವಾಗಿ, ಗಣಿ ಬರಿದಾಗಿ, ದ್ವೀಪದ ಬಹುಭಾಗ ಬೋಳಾಗಿ ದಿವಾಳಿ ಕಂಡ ದೇಶ. 21 ಚದರ ಕಿಲೋಮೀಟರ್ ನೆಲದಲ್ಲಿ ಬೇರೆ ಆದಾಯ ಎಲ್ಲಿಂದ?

ಪದ್ಧತಿಯ ಒಳಗಿನ ದೋಷಗಳೂ ಇವೆ. ದಿನದ ಬೆಲೆ ಯಾರಿಗೆ ಎಷ್ಟಕ್ಕೆ ಮಾರಿದರು ಅನ್ನೋದು ಬಹುಪಾಲು ಗುಟ್ಟು. ಗುಟ್ಟಿದ್ದ ಕಡೆ ಭ್ರಷ್ಟಾಚಾರದ ಗುಮಾನಿ ಇದ್ದೇ ಇರುತ್ತೆ. ಶುರುವಿನ ವರ್ಷಗಳಲ್ಲಿ “ಹಡಗು ಇತ್ತು, ಆದರೆ ಮೀನು ಹಿಡಿಯಲಿಲ್ಲ” ಅಂತ ಹೇಳಿ ದಿನ ಉಳಿಸಿಕೊಳ್ಳೋ ಚಾಳಿ ಇತ್ತು. ಇನ್ನೊಂದು ಗಂಭೀರವಾದದ್ದು: ದಿನ ಅನ್ನೋ ಮಾಪಕವೇ ಜಾರುತ್ತೆ. ಎಕೋಸೌಂಡರ್ ಇರೋ ಫ್ಯಾಡ್ ಬಂದಮೇಲೆ ಹಡಗು ಹುಡುಕಾಟದಲ್ಲಿ ಸಮಯ ಕಳೆಯಲ್ಲ, ನೇರ ಮೀನಿರುವಲ್ಲಿಗೇ ಹೋಗುತ್ತೆ. ದಿನಗಳ ಸಂಖ್ಯೆ ಅಷ್ಟೇ ಇದ್ದರೂ ಪ್ರತಿ ದಿನಕ್ಕೆ ಬರೋ ಮೀನು ಹೆಚ್ಚು. ಟೇಪನ್ನೇ ಎಳೆದು ಉದ್ದ ಮಾಡ್ತಾ ಬಟ್ಟೆ ಅಳೆದ ಹಾಗೆ.

ನಮ್ಮ ಸಾಗರದಲ್ಲಿ ಯಾಕೆ ಇಲ್ಲ?

ಹಿಂದೂ ಮಹಾಸಾಗರದಲ್ಲೂ ಒಂದು ಟ್ಯೂನಾ ಆಯೋಗ ಇದೆ, 1996ರಿಂದ, ಕಚೇರಿ ಸೇಶೆಲ್ಸ್‌ನ ವಿಕ್ಟೋರಿಯಾದಲ್ಲಿ. ಭಾರತವೂ ಸದಸ್ಯ, ಐರೋಪ್ಯ ಒಕ್ಕೂಟವೂ ಸದಸ್ಯ. ಇಲ್ಲಿನ ಯೆಲ್ಲೋಫಿನ್ 2015ರಿಂದ ಹಲವು ವರ್ಷ ಅತಿಮೀನುಗಾರಿಕೆಯ ಕೆಂಪು ಪಟ್ಟಿಯಲ್ಲಿತ್ತು. ಆದರೂ ಬಿಗಿ ನಿರ್ಧಾರ ನಿಲ್ಲಲ್ಲ, ಯಾಕೆಂದರೆ ನಿಯಮಾವಳಿಯಲ್ಲೇ ಒಂದು ಬಾಗಿಲಿದೆ: ಒಪ್ಪದ ದೇಶ ಆಕ್ಷೇಪ ಸಲ್ಲಿಸಿದರೆ ಆ ನಿರ್ಣಯ ಅದಕ್ಕೆ ಅನ್ವಯಿಸಲ್ಲ. 2023ರ ಫೆಬ್ರವರಿಯಲ್ಲಿ ಮೊಂಬಾಸಾದಲ್ಲಿ, ವರ್ಷಕ್ಕೆ 72 ದಿನ ಫ್ಯಾಡ್ ನಿಲ್ಲಿಸೋ ನಿರ್ಣಯ ಮತಕ್ಕೆ ಹಾಕಿ ಗೆದ್ದಿತು. ಐರೋಪ್ಯ ಒಕ್ಕೂಟ ಆಕ್ಷೇಪಿಸಿತು, ಇನ್ನೂ ಸಾಕಷ್ಟು ದೇಶಗಳು ಸೇರಿಕೊಂಡವು, ಜಾರಿಗೆ ಬರಲೇ ಇಲ್ಲ. ನಾವು ಸಾಚಾ ಅಂತ ಎದೆ ತಟ್ಟಿಕೊಳ್ಳೋ ಹಾಗಿಲ್ಲ. 2021ರ ಯೆಲ್ಲೋಫಿನ್ ಕಡಿತದ ನಿರ್ಣಯಕ್ಕೆ ಆಕ್ಷೇಪ ಸಲ್ಲಿಸಿದವರಲ್ಲಿ ಭಾರತವೂ ಇತ್ತು.

ಹಾಗಾದ್ರೆ ಇಲ್ಲಿಯ ಕರಾವಳಿ ದೇಶಗಳು ನೌರು ಮಾದರಿಯಲ್ಲಿ ಕೂಟ ಕಟ್ಟಬಾರದೇಕೆ? ಪೆಸಿಫಿಕ್‌ನಲ್ಲಿ ಚಿತ್ರ ಸರಳವಾಗಿತ್ತು: ದ್ವೀಪಗಳು ಮಾಲೀಕರು, ದೂರದವರು ಬಾಡಿಗೆದಾರರು. ಇಲ್ಲಿ ಹಾಗಿಲ್ಲ. ಸೇಶೆಲ್ಸ್‌ನ ಬಂದರು, ಕ್ಯಾನಿಂಗ್ ಕಾರ್ಖಾನೆ ನಡೆಯೋದೇ ಐರೋಪ್ಯ ಹಡಗುಗಳ ಮೀನಿನಿಂದ. ಮಾಲ್ಡೀವ್ಸ್ ಗಾಳ ಹಾಕಿ ಒಂದೊಂದೇ ಮೀನು ಹಿಡಿಯುತ್ತೆ. ಇರಾನ್, ಒಮಾನ್, ಶ್ರೀಲಂಕಾ, ಇಂಡೋನೇಷ್ಯಾ, ಭಾರತಗಳಲ್ಲಿ ಹಿಡಿಯೋರು ನಮ್ಮದೇ ಸಣ್ಣ-ಮಧ್ಯಮ ಬೋಟಿನವರು. ಈ ಸಾಗರದ ಟ್ಯೂನಾದಲ್ಲಿ ಸುಮಾರು ಅರ್ಧ ಇಂಥ ಸಣ್ಣ ಮೀನುಗಾರಿಕೆಯದ್ದು. ಪ್ರತಿ ಬೋಟಿಗೂ ದಿನಕ್ಕೆ ಡಾಲರ್ ಲೆಕ್ಕ ಹಾಕೋಕೆ ಬರಲ್ಲ.

ಲಕ್ಷದ್ವೀಪದ ಉದಾಹರಣೆ ನೋಡಿ. ಅಲ್ಲಿನವರು ಜೀವಂತ ಸಣ್ಣ ಮೀನು ಎರಚಿ ಗಾಳದಲ್ಲಿ ಸ್ಕಿಪ್‌ಜಾಕ್ ಎಳೀತಾರೆ, ಬೇಯಿಸಿ ಹೊಗೆಗಿಟ್ಟು ಒಣಗಿಸಿ ‘ಮಾಸ್’ ಮಾಡ್ತಾರೆ. ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಾನು ಕರಾವಳಿಯಲ್ಲೇ ನಾಲ್ಕು ವರ್ಷ ಓದಿದವನು, ನನಗೆ ಗೊತ್ತಾದದ್ದು ಪತ್ರಕರ್ತನಾದ ಮೇಲೆ. ಜಗತ್ತಿನ ಅತ್ಯಂತ ಕಡಿಮೆ ಹಾನಿಯ ಟ್ಯೂನಾ ಮೀನುಗಾರಿಕೆಗಳಲ್ಲಿ ಒಂದು ನಮ್ಮ ಪಕ್ಕದಲ್ಲೇ ಇದೆ. ಅಲ್ಲಿನ ಗಾಳಕ್ಕೆ ಸಿಗೋ ಮೀನು ಉಳಿಯುತ್ತೋ ಇಲ್ಲವೋ ಅನ್ನೋದು ಇಡೀ ಹಿಂದೂ ಮಹಾಸಾಗರದಲ್ಲಿ ಉಳಿದವರು ಎಷ್ಟು ಹಿಡೀತಾರೆ ಅನ್ನೋದರ ಮೇಲೆ ನಿಂತಿದೆ.

ಗೆರೆ ಅಲ್ಲೇ, ಮೀನು ಬೇರೆಡೆ

2021ರಲ್ಲಿ ಒಂದು ಸಂಶೋಧನಾ ತಂಡ ಲೆಕ್ಕ ಹಾಕಿತು: ಇಂಗಾಲ ಹೊರಸೂಸುವಿಕೆ ಹೀಗೇ ಜೋರಾಗಿ ಮುಂದುವರಿದರೆ, 2050ರ ಹೊತ್ತಿಗೆ ಹತ್ತು ಪೆಸಿಫಿಕ್ ದ್ವೀಪ ದೇಶಗಳ ನೀರಿನಲ್ಲಿ ಟ್ಯೂನಾ ಸರಾಸರಿ ಶೇ. 13ರಷ್ಟು ಕಡಿಮೆಯಾಗುತ್ತೆ. ಸಾಯಲ್ಲ, ಪೂರ್ವಕ್ಕೆ, ತೆರೆದ ಸಾಗರಕ್ಕೆ ಸರಿಯುತ್ತೆ. ಅಲ್ಲಿ ಹಿಡಿಯೋಕೆ ಯಾರೂ ದಿನದ ಬಾಡಿಗೆ ಕಟ್ಟಬೇಕಿಲ್ಲ. ತೆರೆದ ಸಾಗರದ ಜೀವವೈವಿಧ್ಯಕ್ಕಾಗಿ 2023ರಲ್ಲಿ ಅಂಗೀಕರಿಸಿದ ಹೊಸ ವಿಶ್ವ ಒಪ್ಪಂದ 2026ರ ಜನವರಿ 17ರಂದು ಜಾರಿಗೆ ಬಂದಿದೆ. ಭಾರತ 2024ರಲ್ಲಿ ಸಹಿ ಹಾಕಿತ್ತು. ಅದರಡಿ ತೆರೆದ ಸಾಗರದಲ್ಲೂ ಸಂರಕ್ಷಿತ ಪ್ರದೇಶ ಮಾಡಬಹುದು, ಆದರೆ ಈಗಿರುವ ಮೀನುಗಾರಿಕಾ ಆಯೋಗಗಳ ಅಧಿಕಾರಕ್ಕೆ ಧಕ್ಕೆ ತರಬಾರದು ಅನ್ನೋ ಷರತ್ತೂ ಇದೆ. ಹಾಗಾಗಿ ಸರಿದುಹೋದ ಟ್ಯೂನಾದ ಪ್ರಶ್ನೆ ಮತ್ತೆ ಅದೇ ಆಯೋಗದ ಮೇಜಿಗೆ, ಅದೇ ಹಡಗು ದೇಶಗಳ ಎದುರಿಗೆ ಬರುತ್ತೆ.

ನೆಲದ ಪ್ರಶ್ನೆ ಬೇರೆ. 200 ಮೈಲಿ ಅಳೆಯೋದು ಕರಾವಳಿಯ ಗೆರೆಯಿಂದ. ದ್ವೀಪ ಮುಳುಗಿದರೆ ಗೆರೆ ಎಲ್ಲಿ? 2021ರ ಆಗಸ್ಟ್‌ನಲ್ಲಿ ಪೆಸಿಫಿಕ್ ದ್ವೀಪಗಳ ಫೋರಂ ಒಂದು ಘೋಷಣೆ ಹೊರಡಿಸಿತು. ಒಮ್ಮೆ ವಿಶ್ವಸಂಸ್ಥೆಗೆ ತಿಳಿಸಿದ ಕಡಲ ಗಡಿಗಳು, ಸಮುದ್ರ ಮಟ್ಟ ಎಷ್ಟೇ ಏರಿದರೂ, ಕುಗ್ಗುವುದಿಲ್ಲ. ಟ್ಯೂನಾ ಯಾರದ್ದೂ ಅಲ್ಲ ಅನ್ನೋ ಅಮೆರಿಕದ ವಾದವನ್ನು ಇದೇ ದೇಶಗಳು ಹಿಂದೆ ಎದುರಿಸಿದ್ದೂ ಹೀಗೇ ಒಟ್ಟಾಗಿ ನಿಂತು. ಈಗ ಅವು ತಮ್ಮ ಗಡಿಯ ಅಕ್ಷಾಂಶ-ರೇಖಾಂಶಗಳನ್ನು ಒಂದೊಂದಾಗಿ ಅಳೆದು ವಿಶ್ವಸಂಸ್ಥೆಗೆ ಸಲ್ಲಿಸುತ್ತಿವೆ.